ಲಿಂಕ್ ಪಟ್ಟಿಯಲ್ಲಿ ‘ಹಳೇಬೀಡು’ ಹುಡುಕಿದರೆ ಎಲ್ಲವೂ ಬರುತ್ತದೆ, ಬೇಕಾದ್ದು ಸಿಗುತ್ತಿಲ್ಲ

ಹಾಸನದ ಕಲ್ಲು:
ನಮಸ್ಕಾರ. ಹೊಯ್ಸಳ ದೇವಸ್ಥಾನ, ಶಾಸನಗಳ ಬಗ್ಗೆ ನೆಟ್‌ನಲ್ಲಿ ಸಿಗುವ ಲಿಂಕ್‌ಗಳನ್ನು ನಾವು ಕೆಲವು ಗೆಳೆಯರು ಗೂಗಲ್ ಶೀಟ್‌ನಲ್ಲಿ ಕೂಡಿಡುತ್ತಿದ್ದೇವೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ಲಿಂಕ್ ವಿಪರೀತ ಜಾಸ್ತಿಯಾಗಿದೆ. ‘ಹಳೇಬೀಡು’ ಅಂತ ಹುಡುಕಿದರೆ ಪ್ರವಾಸದ ವಿಡಿಯೊ, ಫೋಟೊ, ಸುದ್ದಿ ಎಲ್ಲ ಒಟ್ಟಿಗೆ ಬರುತ್ತವೆ. ಶಾಸನದ ಪಾಠ (ಕಲ್ಲಿನಲ್ಲಿ ಕೆತ್ತಿದ್ದನ್ನು ಓದಿ ಬರೆದದ್ದು) ಎಲ್ಲೋ ಕೆಳಗೆ ಸೇರಿಹೋಗಿರುತ್ತದೆ. ‘ವರ್ಗ’ ಅಂತ ಒಂದು ಕಾಲಂ ಇದೆ. ಅದರಲ್ಲಿ ಪಿಡಿಎಫ್, ಶಾಸನ, ಬೇಲೂರು, ವಿಡಿಯೊ, ಶಿಲ್ಪ ಅಂತೆಲ್ಲ ತುಂಬಿದ್ದೇವೆ. ಫಿಲ್ಟರ್ ಹಾಕಿದರೆ ಎಷ್ಟೋ ಬಿಟ್ಟುಹೋಗುತ್ತವೆ. ಏನು ಮಾಡಬಹುದು?

ಗಿರಿಯ ಓದುಗ, ಚಿಕ್ಕಮಗಳೂರು:
ಸರ್, ತೊಂದರೆ ಆ ಕಾಲಂನಲ್ಲೇ ಇದೆ. ಬೇಲೂರು, ಶಿಲ್ಪ ಅಂದರೆ ಯಾವುದರ ಬಗ್ಗೆ ಅಂತ ಹೇಳಿದ ಹಾಗೆ. ವಿಡಿಯೊ ಅಂದರೆ ಅದು ಎಂಥದ್ದು ಅಂತ. ಪಿಡಿಎಫ್ ಬರೀ ಫೈಲಿನ ಹೆಸರು. ಮೂರನ್ನೂ ಬಿಡಿಸಿ ವಿಷಯ, ಬಗೆ, ಫೈಲ್ ಅಂತ ಮೂರು ಕಾಲಂ ಮಾಡಿ. ಲೈಬ್ರರಿಯವರು ಬಳಸುವ ಡಬ್ಲಿನ್ ಕೋರ್ ಎಂಬ ವಿವರ ಬರೆಯುವ ಪದ್ಧತಿಯಲ್ಲೂ ಈ ಮೂರು ಬೇರೆ ಬೇರೆಯೇ.

ಪಿಡಿಎಫ್ ನೋಡಿ ಬಗೆ ಬರೆಯಬೇಡಿ. ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ‘ಎಪಿಗ್ರಾಫಿಯಾ ಕರ್ನಾಟಿಕ’ದ 5ನೇ ಸಂಪುಟ, ಅಂದರೆ ಹಾಸನ ಜಿಲ್ಲೆಯದ್ದು, ಸ್ಕ್ಯಾನ್ ಆಗಿ ಪಿಡಿಎಫ್‌ನಲ್ಲಿ ಸಿಗುತ್ತದೆ. ಪ್ರವಾಸಿಗರ ಕರಪತ್ರವೂ ಪಿಡಿಎಫ್ಫೇ. ಮೊದಲನೆಯದು ‘ಶಾಸನ ಪಾಠ’, ಎರಡನೆಯದು ‘ಪ್ರವಾಸ ಮಾಹಿತಿ’. ಡಬ್ಲಿನ್ ಕೋರ್‌ನ ಪಟ್ಟಿಯಲ್ಲಿ 12 ಬಗೆಗಳಿವೆ, ಆದರೆ ಇವೆರಡೂ ಅಲ್ಲಿ ‘ಪಠ್ಯ’ಕ್ಕೇ ಹೋಗುತ್ತವೆ. ನಿಮಗೆ ಅದು ಸಾಲದು. ಪಠ್ಯವನ್ನು ಶಾಸನ ಪಾಠ, ಸಂಶೋಧನಾ ಲೇಖನ, ಸುದ್ದಿ, ಪ್ರವಾಸ ಮಾಹಿತಿ ಅಂತ ಒಡೆಯಿರಿ. ಉಳಿದದ್ದಕ್ಕೆ ಫೋಟೊ, ವಿಡಿಯೊ, ನಕ್ಷೆ ಸಾಕು. ಬಗೆ ಜಾಸ್ತಿಯಾದರೆ ಒಬ್ಬೊಬ್ಬರು ಒಂದೊಂದು ಥರ ತುಂಬುತ್ತಾರೆ.

ಇನ್ನೊಂದು ಮಾತು. ನಮ್ಮ ಜಿಲ್ಲೆಯ ಶಾಸನಗಳು 6ನೇ ಸಂಪುಟದಲ್ಲಿವೆ. ಆಗ ಜಿಲ್ಲೆಯ ಹೆಸರು ಕಡೂರು. ‘ಚಿಕ್ಕಮಗಳೂರು ಜಿಲ್ಲೆ’ ಅಂತ ಹುಡುಕುವವರಿಗೆ ಅದು ಕಾಣುವುದೇ ಇಲ್ಲ! ವಿಷಯದ ಕಾಲಂನಲ್ಲಿ ಹಳೆ ಹೆಸರು, ಹೊಸ ಹೆಸರು ಎರಡೂ ಇರಲಿ. ಹಳೇಬೀಡಿಗೆ ದೋರಸಮುದ್ರವನ್ನೂ ಸೇರಿಸಿ.

ಹಾಸನದ ಕಲ್ಲು:
ತುಂಬಾ ಥ್ಯಾಂಕ್ಸ್ ಸರ್. ಕಾಲಂ ಬಿಡಿಸಿದೆವು. ಬಗೆ ‘ಶಾಸನ ಪಾಠ’, ವಿಷಯ ‘ಹಳೇಬೀಡು’ ಕೊಟ್ಟರೆ ಈಗ ಬೇಕಾದದ್ದೇ ಬರುತ್ತಿದೆ. ಎರಡು ಅನುಮಾನ. ಒಂದೇ ಪುಟದಲ್ಲಿ ಶಾಸನದ ಫೋಟೊ, ಪಾಠ ಎರಡೂ ಇದ್ದರೆ? ಮತ್ತೆ, ಫೈಲ್ ಕಾಲಂನ ಫಿಲ್ಟರ್‌ನಲ್ಲಿ ‘ಪಿಡಿಎಫ್’ ಎರಡು ಸಲ ತೋರಿಸುತ್ತಿದೆ. ನೋಡಲು ಎರಡೂ ಒಂದೇ!

ಅರಸೀಕೆರೆ ಶೀಟು:
ಎರಡನೆಯದಕ್ಕೆ ನಾನು ಹೇಳುತ್ತೇನೆ. ಒಂದರ ಕೊನೆಯಲ್ಲಿ ಕಣ್ಣಿಗೆ ಕಾಣದ ಅಕ್ಷರ ಕೂತಿರಬೇಕು. ಕನ್ನಡ ಕೀಬೋರ್ಡ್‌ಗಳಲ್ಲಿ ಅರ್ಧಾಕ್ಷರದ ನಂತರ ಒತ್ತಕ್ಷರ ಬರದಂತೆ ತಡೆಯುವ ಒಂದು ಯೂನಿಕೋಡ್ ಗುರುತಿದೆ. ಕೆಲವು ಕೀಬೋರ್ಡ್‌ಗಳು ಪದದ ಕೊನೆಗೂ ಅದನ್ನು ಹಾಕಿಬಿಡುತ್ತವೆ. ಶೀಟ್‌ಗೆ ಅವು ಎರಡು ಬೇರೆ ಪದ. ಆ ಕಾಲಂ ಆರಿಸಿ, ಡೇಟಾ ಮೆನುವಿನ ಡೇಟಾ ವ್ಯಾಲಿಡೇಶನ್‌ನಲ್ಲಿ ಡ್ರಾಪ್‌ಡೌನ್ ಮಾಡಿ. ಹಳೆಯವನ್ನು ಅಳಿಸಿ ಡ್ರಾಪ್‌ಡೌನ್‌ನಿಂದಲೇ ಮತ್ತೆ ಆರಿಸಿ. ಬಗೆಯ ಕಾಲಂಗೂ ಹೀಗೇ ಮಾಡಿದರೆ ಫೋಟೊ, ಫೋಟೋ ರಗಳೆಯೂ ತಪ್ಪುತ್ತದೆ. ಆದರೆ ಶೀರ್ಷಿಕೆಗಳಲ್ಲಿ ಆ ಗುರುತನ್ನು ಸಾರಾಸಗಟಾಗಿ ತೆಗೆಯಬೇಡಿ. ‘ಫೇಸ್‌ಬುಕ್’ ಹೋಗಿ ‘ಫೇಸ್ಬುಕ್’ ಆಗುತ್ತದೆ.

ಗಿರಿಯ ಓದುಗ, ಚಿಕ್ಕಮಗಳೂರು:
ಫೋಟೊ, ಪಾಠ ಎರಡೂ ಇರುವ ಪುಟವನ್ನು ಎರಡು ಸಾಲಾಗಿ ಹಾಕಿ, ಲಿಂಕ್ ಒಂದೇ ಇರಲಿ. ಕಲ್ಲಿನ ಅಕ್ಷರ ಸವೆದಿದ್ದರೆ ಪಾಠ ಓದುವವರಿಗೆ ಫೋಟೊ ಬೇಕೇ ಬೇಕು. ಯಾವ ಕಡೆಯಿಂದ ಹುಡುಕಿದರೂ ಅದು ಸಿಗಬೇಕು, ಅಲ್ವಾ?