ಬಿಎಫ್‌ಸಿ ಹುಟ್ಟಿದ್ದೇ 2013ರಲ್ಲಿ, ಮೊದಲ ವರ್ಷವೇ ಚಾಂಪಿಯನ್ ಆಗಿದ್ದು ಹೇಗೆ?

ಹೊಸಬ_ನೀಲಿ:

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಪಂದ್ಯ ನೋಡಲು ಶುರು ಮಾಡಿದ್ದು ತಂಡ ಐಎಸ್‌ಎಲ್‌ಗೆ (ಇಂಡಿಯನ್ ಸೂಪರ್ ಲೀಗ್) ಬಂದ ಮೇಲೆ. ಅದಕ್ಕೆ ಮುಂಚಿನ ಕಥೆ ಅರ್ಧಂಬರ್ಧ ಗೊತ್ತು ಅಷ್ಟೇ. ಆಫೀಸಿನಲ್ಲಿ ಕೋಲ್ಕತ್ತಾದವರೊಬ್ಬರಿದ್ದಾರೆ, ಮೋಹನ್ ಬಗಾನ್ ಅಂದರೆ ಪ್ರಾಣ. "ನಮ್ಮ ಕ್ಲಬ್ಬು 1889ರದ್ದು, ನಿಮ್ಮದು ಕಂಪನಿ ಟೀಮು, ದುಡ್ಡು ಸುರಿದು ಕಪ್ ತಗೊಂಡ್ರಿ" ಅಂತ ಸಿಕ್ಕಾಗೆಲ್ಲ ಕಾಲೆಳೆಯುತ್ತಾರೆ. ಬಾಯಿ ಮುಚ್ಚಿಸುವಂಥ ಉತ್ತರ ನನ್ನ ಹತ್ತಿರ ಇಲ್ಲ. ಬಿಎಫ್‌ಸಿ ಕೆಳಗಿನ ಡಿವಿಷನ್‌ನಿಂದ ಗೆದ್ದು ಮೇಲೆ ಬಂದಿದ್ದಾ, ಅಥವಾ ನೇರವಾಗಿ ಆಗ ದೇಶದ ದೊಡ್ಡ ಲೀಗ್ ಆಗಿದ್ದ ಐ-ಲೀಗ್‌ಗೇ ಬಂದಿದ್ದಾ? ಮೊದಲ ಸೀಸನ್ನಿನಲ್ಲೇ ಹೇಗೆ ಗೆದ್ದರು? ಅದಕ್ಕೂ ಮುಂಚೆ ನಮ್ಮೂರಲ್ಲಿ ಫುಟ್‌ಬಾಲ್ ಅಂತ ಏನಾದರೂ ಇತ್ತಾ? ಗೊತ್ತಿರುವವರು ದಯವಿಟ್ಟು ಹೇಳಿ.

ವೆಸ್ಟ್‌ಬ್ಲಾಕ್_ಹುಡುಗ:

ನೇರವಾಗಿ ಬಂದಿದ್ದು ಗುರು, ಅದರಲ್ಲಿ ಮುಚ್ಚಿಡೋಕೆ ಏನೂ ಇಲ್ಲ. ಐ-ಲೀಗ್‌ಗೆ ಹೊಸ ತಂಡ ಬೇಕು ಅಂತ ಭಾರತದ ಫುಟ್‌ಬಾಲ್ ಒಕ್ಕೂಟ ಎಐಎಫ್‌ಎಫ್ ಕಂಪನಿಗಳನ್ನು ಕರೆದಾಗ ಉಕ್ಕಿನ ಕಂಪನಿ ಜೆಎಸ್‌ಡಬ್ಲ್ಯೂ ಮುಂದೆ ಬಂತು, ಬೆಂಗಳೂರನ್ನು ಆರಿಸಿಕೊಂಡಿತು. 2013ರ ಜುಲೈನಲ್ಲಿ ಕ್ಲಬ್ ಶುರು, ಸೆಪ್ಟೆಂಬರ್ 22ಕ್ಕೆ ಮೊದಲ ಪಂದ್ಯ. ಎದುರಾಳಿ ಯಾರು ಗೊತ್ತಾ? ನಿಮ್ಮ ಆಫೀಸಿನವರ ಮೋಹನ್ ಬಗಾನ್. 1-1 ಡ್ರಾ. ಆಸ್ಟ್ರೇಲಿಯಾದ ಶಾನ್ ರೂನಿ ಹೊಡೆದಿದ್ದು ಕ್ಲಬ್ಬಿನ ಮೊಟ್ಟಮೊದಲ ಗೋಲು. ಆಗ ಕಂಠೀರವ ಅಲ್ಲ, ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂ. ಚಿಕ್ಕ ಜಾಗ, ಆಟಗಾರರು ಪಕ್ಕದಲ್ಲೇ ಓಡಾಡಿದ ಹಾಗೆ ಇರುತ್ತಿತ್ತು, ನಾವು ಕಿರುಚಿದ್ದು ಲೈನ್ಸ್‌ಮನ್ ಕಿವಿಗೇ ಬೀಳುತ್ತಿತ್ತು. ಕಂಠೀರವದಲ್ಲಿ ನಡುವೆ ಓಟದ ಟ್ರ್ಯಾಕ್ ಇದೆ ನೋಡಿ, ಆ ಮಜಾ ಇವತ್ತಿಗೂ ಅಲ್ಲಿ ಬರಲ್ಲ.

ದುಡ್ಡಿನ ವಿಷಯಕ್ಕೆ ಬಂದರೆ, ದುಡ್ಡು ಇತ್ತು, ನಿಜ. ಆದರೆ ಆಗ ಭಾರತದಲ್ಲಿ ದುಡ್ಡಿದ್ದ ಕ್ಲಬ್ ಇದೊಂದೇ ಏನು? ಕೋಚ್ ಆಶ್ಲೆ ವೆಸ್ಟ್‌ವುಡ್ ಮ್ಯಾಂಚೆಸ್ಟರ್ ಯುನೈಟೆಡ್‌ನ ಯೂತ್ ತಂಡದಲ್ಲಿ ಬೆಳೆದ ಮನುಷ್ಯ. ಬಂದವನೇ ಫಿಟ್‌ನೆಸ್, ಊಟ, ನಿದ್ದೆ, ವಿಶ್ರಾಂತಿ ಎಲ್ಲದಕ್ಕೂ ಲೆಕ್ಕ ಇಟ್ಟ. ಎಷ್ಟೋ ಕ್ಲಬ್ಬುಗಳು ಪ್ರಾಕ್ಟೀಸಿಗೆ ಸರಿಯಾದ ಮೈದಾನವಿಲ್ಲದೆ ಒದ್ದಾಡುತ್ತಿದ್ದ ಕಾಲ ಅದು. ಹಾಗಾಗಿ ಕೊನೇ ಇಪ್ಪತ್ತು ನಿಮಿಷದಲ್ಲಿ ಎದುರಾಳಿಗಳು ಏದುಸಿರು ಬಿಡುವಾಗ ನಮ್ಮವರು ಇನ್ನೂ ಓಡುತ್ತಿದ್ದರು. ಜೊತೆಗೆ ಸುನಿಲ್ ಛೆಟ್ರಿ ಇದ್ದ. ಹಿಂದಿನ ವರ್ಷ ಚರ್ಚಿಲ್ ಬ್ರದರ್ಸ್ ಜೊತೆ ಲೀಗ್ ಗೆದ್ದು, ಇಲ್ಲಿಗೆ ಬಂದು 14 ಗೋಲು ಹೊಡೆದ. 2014ರ ಏಪ್ರಿಲ್‌ನಲ್ಲಿ ಗೋವಾದಲ್ಲಿ ಡೆಂಪೋವನ್ನು 4-2ರಿಂದ ಸೋಲಿಸಿ, ಒಂದು ಪಂದ್ಯ ಬಾಕಿ ಇರುವಾಗಲೇ ಕಪ್ ಖಾತ್ರಿ ಮಾಡಿಕೊಂಡರು.

ಅಲಸೂರು_ಹಳಬ:

ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ಮೂರನೇ ಪ್ರಶ್ನೆ ನೋಡಿ ಸ್ವಲ್ಪ ಬೇಜಾರಾಯಿತು ತಮ್ಮಾ. "ಫುಟ್‌ಬಾಲ್ ಅಂತ ಏನಾದರೂ ಇತ್ತಾ" ಅಂದರೆ ಏನರ್ಥ! ರೋವರ್ಸ್ ಕಪ್ ಅಂತ ಮುಂಬೈಯಲ್ಲಿ ನಡೆಯುತ್ತಿತ್ತು, ವರ್ಷಗಟ್ಟಲೆ ಬ್ರಿಟಿಷ್ ಸೇನೆಯ ತಂಡಗಳೇ ಗೆಲ್ಲುತ್ತಿದ್ದವು. 1937ರಲ್ಲಿ ಅದನ್ನು ಎತ್ತಿಕೊಂಡು ಬಂದಿದ್ದು ಬೆಂಗಳೂರು ಮುಸ್ಲಿಮ್ಸ್. ಸುಮ್ನೆ ಅದೃಷ್ಟ ಅಂತ ಯಾರೂ ಅನ್ನಬಾರದು ಅಂತಲೋ ಏನೋ, 1938ರಲ್ಲೂ ಅವರೇ ಗೆದ್ದರು. ರಾಜ್ಯ ತಂಡಗಳ ನಡುವಿನ ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯ ನಾಲ್ಕು ಸಲ ಗೆದ್ದಿದೆ, ಮೊದಲನೆಯದು 1946-47ರಲ್ಲಿ. ಅವತ್ತು ಸೋತಿದ್ದು ಬಂಗಾಳ! ಇದನ್ನು ನಿಮ್ಮ ಆಫೀಸಿನವರಿಗೆ ಮೊದಲು ಹೇಳಿ.

ಇನ್ನೊಂದು ಹೇಳಿ. ಮೆಲ್ಬರ್ನ್ ಒಲಿಂಪಿಕ್ಸ್ ತಂಡದಲ್ಲಿದ್ದ ಕೆಂಪಯ್ಯ, 1962ರಲ್ಲಿ ಜಕಾರ್ತದಲ್ಲಿ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ತಂಡದ ಅರುಮೈನಾಯಗಂ, ಇಬ್ಬರೂ ನಮ್ಮೂರಿನವರು, ಇಬ್ಬರೂ ಮೋಹನ್ ಬಗಾನ್‌ಗೆ ಆಡಿದವರು. ಈಸ್ಟ್ ಬೆಂಗಾಲ್‌ನ 'ಪಂಚ ಪಾಂಡವರು' ಅಂತ ಐದು ಜನ ಫಾರ್ವರ್ಡ್‌ಗಳನ್ನು ಇವತ್ತಿಗೂ ನೆನೆಯುತ್ತಾರಲ್ಲ, ಅದರಲ್ಲಿ ಅಹ್ಮದ್ ಖಾನ್ ಬೆಂಗಳೂರಿನ ಹುಡುಗ. 1889 ಅಂತ ಎದೆ ತಟ್ಟಿಕೊಳ್ಳುವವರ ಇತಿಹಾಸದಲ್ಲಿ ನಮ್ಮ ಹುಡುಗರ ಬೆವರೂ ಸೇರಿದೆ. ಗೌತಮಪುರಕ್ಕೆ ಒಂದು ಸಲ ಹೋಗಿ ಬನ್ನಿ, ಅಂಬೇಡ್ಕರ್, ಬುದ್ಧ, ಮದರ್ ತೆರೇಸಾ ಪ್ರತಿಮೆಗಳ ಜೊತೆಗೆ ಪೆಲೆ ಪ್ರತಿಮೆಯೂ ಇದೆ.

ಆಮೇಲೆ ಫ್ಯಾಕ್ಟರಿ ತಂಡಗಳ ಕಾಲ. ಎಚ್‌ಎಎಲ್, ಐಟಿಐ, ಬಿಇಎಂಎಲ್, ಸೇನೆಯ ಎಂಇಜಿ. ಚೆನ್ನಾಗಿ ಆಡಿದವನಿಗೆ ಕೆಲಸ ಸಿಗುತ್ತಿತ್ತು, ಮನೆ ನಡೆಯುತ್ತಿತ್ತು. ಕಂಪನಿ ಟೀಮು ಅಂತ ಬೈಯುವವರಿಗೆ ಇದು ಗೊತ್ತಿಲ್ಲ ಅನಿಸುತ್ತೆ: ಈ ಊರಲ್ಲಿ ಫುಟ್‌ಬಾಲನ್ನು ಸಾಕಿದ್ದೇ ಕಂಪನಿಗಳು. ಕ್ರಮೇಣ ಆ ನೌಕರಿಗಳು ಕಡಿಮೆಯಾದವು, ತಂಡಗಳೂ ಸೊರಗಿದವು. ಐ-ಲೀಗ್‌ನಲ್ಲಿ ಇದ್ದಿದ್ದು ಎಚ್‌ಎಎಲ್ ಒಂದೇ, ಅದೂ 2011-12ರಲ್ಲಿ ಕೊನೇ ಸ್ಥಾನಕ್ಕೆ ಬಿದ್ದು ಹೊರಗೆ ಹೋಯಿತು. ಮುಂದಿನ ವರ್ಷ ದೊಡ್ಡ ಲೀಗ್‌ನಲ್ಲಿ ನಮ್ಮೂರಿನದು ಅಂತ ತಂಡವೇ ಇರಲಿಲ್ಲ. ಬಿಎಫ್‌ಸಿ ಬಂದು ಕೂತಿದ್ದು ಆ ಖಾಲಿ ಜಾಗದಲ್ಲಿ. ಮೊದಲ ವರ್ಷ ಪಂದ್ಯ ನೋಡಲು ಜನ ಎಲ್ಲಿಂದ ಬಂದರು ಅಂತ ಕೇಳಿದರೆ, ಅರ್ಧ ಜನ ಹೊಸಬರು, ಇನ್ನರ್ಧ ಜನ ಅದೇ ಸ್ಟೇಡಿಯಂನಲ್ಲಿ ಲೀಗ್ ಪಂದ್ಯ ನೋಡಿ ಬೆಳೆದವರು.

ಹೊಸಬ_ನೀಲಿ:

ಅಬ್ಬಾ, ಕೆಂಪಯ್ಯ ಅವರ ವಿಷಯ ನಿಜಕ್ಕೂ ಗೊತ್ತಿರಲಿಲ್ಲ ಸರ್. ನಾಳೆ ಊಟದ ಹೊತ್ತಿಗೆ ಬಿಡ್ತೀನಿ. ಇನ್ನೊಂದು ಕೇಳಲಾ? ಐ-ಲೀಗ್ ಕಾಲದ ಪಂದ್ಯಗಳಲ್ಲಿ ಮರೆಯಲಾಗದ್ದು ಯಾವುದು? ಮತ್ತೆ ಆ ಏಷ್ಯಾ ಫೈನಲ್ ಏನದು?

ಸ್ಕೋರ್‌ಬುಕ್:

ಮರೆಯಲಾಗದ್ದು ಅಂದರೆ ಮರೆಯಬೇಕು ಅಂದುಕೊಂಡಿದ್ದೂ ಸೇರುತ್ತಲ್ವಾ. 2015ರ ಮೇ 31, ಲೀಗ್‌ನ ಕೊನೇ ಪಂದ್ಯ, ಕಂಠೀರವದಲ್ಲಿ ಮೋಹನ್ ಬಗಾನ್ ವಿರುದ್ಧವೇ. ಅವರಿಗೆ ಡ್ರಾ ಸಾಕು, ನಮಗೆ ಗೆಲ್ಲಲೇಬೇಕು. ಜಾನ್ ಜಾನ್ಸನ್ ಗೋಲಿನಿಂದ ನಾವು 1-0 ಮುಂದೆ. ಕಪ್ ಕೈಯಲ್ಲೇ ಇತ್ತು. 87ನೇ ನಿಮಿಷಕ್ಕೆ ಅವರಿಗೊಂದು ಕಾರ್ನರ್, ಬೆಲ್ಲೊ ರಜಾಕ್ ಎಲ್ಲರಿಗಿಂತ ಮೇಲೆ ಎದ್ದು ತಲೆ ಕೊಟ್ಟ, 1-1. ಮುಗೀತು. ಅವರು 39 ಪಾಯಿಂಟ್, ನಾವು 37. ನಿಮ್ಮ ಆಫೀಸಿನವರ ಹತ್ತಿರ ಈ ವಿಷಯ ಮಾತ್ರ ಎತ್ತಬೇಡಿ. ಮುಂದಿನ ಸೀಸನ್ನಿನಲ್ಲಿ ಲೀಗನ್ನು ವಾಪಸ್ ತಂದುಕೊಂಡು ವೆಸ್ಟ್‌ವುಡ್ ಹೊರಟುಹೋದ.

ಏಷ್ಯಾದ್ದು ಎಎಫ್‌ಸಿ ಕಪ್, ಏಷ್ಯಾದ ಕ್ಲಬ್ಬುಗಳ ಟೂರ್ನಿ, 2016. ಕೋಚ್ ಆಲ್ಬರ್ಟ್ ರೋಕಾ ಆಗಷ್ಟೇ ಬಂದಿದ್ದರು. ಸೆಮಿಫೈನಲ್‌ನಲ್ಲಿ ಮಲೇಷ್ಯಾದ ಜೊಹೊರ್ ದಾರುಲ್ ತಝೀಮ್, ಹಿಂದಿನ ವರ್ಷದ ಚಾಂಪಿಯನ್. ಅವರ ಊರಲ್ಲಿ 1-1. ಇಲ್ಲಿ ಹನ್ನೊಂದೇ ನಿಮಿಷಕ್ಕೆ ಅವರೇ ಮೊದಲು ಗೋಲು ಹೊಡೆದರು, ಸ್ಟೇಡಿಯಂ ತಣ್ಣಗಾಯಿತು. ಆಮೇಲೆ ಛೆಟ್ರಿ ಎರಡು, ಹುವಾನನ್ ಒಂದು, 3-1. ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್. ದೋಹಾದಲ್ಲಿ ಇರಾಕ್‌ನ ಏರ್ ಫೋರ್ಸ್ ಕ್ಲಬ್ ಎದುರು 1-0ಯಿಂದ ಸೋತೆವು. ಗೋಲ್‌ಕೀಪರ್ ಅಮರಿಂದರ್ ಸಿಂಗ್ ಕಾರ್ಡ್‌ನಿಂದಾಗಿ ಫೈನಲ್ ಆಡಲಾಗಲಿಲ್ಲ. ಆಡಿದ್ದರೆ ಏನಾಗುತ್ತಿತ್ತೋ. ನನ್ನ ಮಟ್ಟಿಗೆ ಇಡೀ ಕ್ಲಬ್ಬಿನ ಚರಿತ್ರೆಯಲ್ಲಿ ಆ ಜೊಹೊರ್ ರಾತ್ರಿಯೇ ದೊಡ್ಡದು, 2019ರ ಐಎಸ್‌ಎಲ್ ಕಪ್ಪಿಗಿಂತಲೂ.

ವೆಸ್ಟ್‌ಬ್ಲಾಕ್_ಹುಡುಗ:

ಐಎಸ್‌ಎಲ್‌ಗಿಂತ ದೊಡ್ಡದು ಅನ್ನೋದನ್ನ ನಾನು ಒಪ್ಪಲ್ಲ. 2018ರ ಫೈನಲ್ ನೆನಪಿಸಿಕೊಳ್ಳಿ, ನಮ್ಮದೇ ಮೈದಾನ, ಲೀಗ್‌ನಲ್ಲಿ ಮೊದಲ ಸ್ಥಾನ, ಛೆಟ್ರಿ 9ನೇ ನಿಮಿಷಕ್ಕೇ ಗೋಲು. ಆಮೇಲೆ ಚೆನ್ನೈಯಿನ್‌ನ ಮೈಲ್ಸನ್ ಆಲ್ವೆಸ್ ಎರಡು ಕಾರ್ನರ್, ಎರಡು ಹೆಡರ್, 3-2ಕ್ಕೆ ಸೋತೆವು. ಆ ಹೊಟ್ಟೆಯುರಿ ಆರಿದ್ದು ಸರಿಯಾಗಿ ಒಂದು ವರ್ಷಕ್ಕೆ, ಮುಂಬೈಯಲ್ಲಿ ಗೋವಾ ವಿರುದ್ಧ 117ನೇ ನಿಮಿಷದಲ್ಲಿ ರಾಹುಲ್ ಭೆಕೆ ತಲೆಯಿಂದ. ಅದೂ ಕಾರ್ನರ್‌ನಿಂದಲೇ! ಅದಕ್ಕೇ ಅದು ದೊಡ್ಡದು.

ಅಲಸೂರು_ಹಳಬ:

ನನ್ನದೊಂದು ತಕರಾರು ಇದೆ, ಬಿಎಫ್‌ಸಿ ಅಭಿಮಾನಿಗಳು ಬೈದರೂ ಪರವಾಗಿಲ್ಲ. ಇಷ್ಟು ಕಪ್ ಗೆದ್ದ ತಂಡದಲ್ಲಿ ಕರ್ನಾಟಕದ ಹುಡುಗರು ಎಷ್ಟು ಜನ? ಮೊದಲ ತಂಡದಲ್ಲಿ ಶಂಕರ್ ಸಂಪಂಗಿರಾಜ್ ಇದ್ದ. ಆಮೇಲಿನ ಹೆಸರುಗಳಿಗೆ ಬೆರಳು ಮಡಚುತ್ತಾ ಹೋದರೆ ಎರಡನೇ ಕೈ ಬೇಕಾಗೋದು ಅನುಮಾನ. ಬಳ್ಳಾರಿ ಕಡೆ ವಿಜಯನಗರದಲ್ಲಿ ಅಕಾಡೆಮಿ ಇದೆ, ಒಳ್ಳೆಯದೇ. ಆದರೆ ಆಸ್ಟಿನ್ ಟೌನ್, ಗೌತಮಪುರದ ಹುಡುಗನಿಗೆ ದಾರಿ ಎಲ್ಲಿದೆ?

2023ರ ಮಾರ್ಚ್ 3ರ ರಾತ್ರಿ ಕಂಠೀರವದಲ್ಲಿ ಎದುರಾಳಿಗಳು ಸಿದ್ಧವಾಗುವ ಮೊದಲೇ ಛೆಟ್ರಿ ಆ ದಿಢೀರ್ ಫ್ರೀಕಿಕ್ ಹೊಡೆದು ಗೋಲು ಮಾಡಿದ, ಅದನ್ನು ಒಪ್ಪದೆ ಕೇರಳ ಬ್ಲಾಸ್ಟರ್ಸ್ ಮೈದಾನ ಬಿಟ್ಟು ನಡೆದರು. ಇಡೀ ದೇಶ ಅದನ್ನೇ ಮಾತಾಡಿತು. ಮರುದಿನ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ, 54 ವರ್ಷ ಆದ ಮೇಲೆ ಸಂತೋಷ್ ಟ್ರೋಫಿ ಗೆದ್ದಿತು. ಎಷ್ಟು ಜನಕ್ಕೆ ಗೊತ್ತಾಯಿತು ಹೇಳಿ?

ಸ್ಕೋರ್‌ಬುಕ್:

ತಕರಾರು ನ್ಯಾಯವಾದದ್ದೇ ಸರ್. ಆದರೆ ಪೂರ್ತಿ ಹೊಣೆ ಒಂದು ಕ್ಲಬ್ಬಿನ ಮೇಲೆ ಹಾಕೋದೂ ಸರಿಯಲ್ಲ. ಊರಿನ ಸೂಪರ್ ಡಿವಿಷನ್ ಪಂದ್ಯ ನೋಡಲು ಎಷ್ಟು ಜನ ಬರುತ್ತಾರೆ? ಹೊಸಬರೇ, ನಿಮಗೆ ಇತಿಹಾಸ ಬೇಕಿದ್ದರೆ ಅಶೋಕನಗರದ ಸ್ಟೇಡಿಯಂನಲ್ಲಿ ಲೀಗ್ ಪಂದ್ಯ ಇದ್ದ ದಿನ ಹೋಗಿ ಕೂರಿ. ಪಕ್ಕದಲ್ಲಿ ಯಾರಾದರೂ ವಯಸ್ಸಾದವರು ಸಿಕ್ಕರೆ ಎಚ್‌ಎಎಲ್, ಐಟಿಐ ಅಂತ ಶುರು ಮಾಡಿಬಿಡಿ, ಮಿಕ್ಕಿದ್ದು ಅವರೇ ಹೇಳುತ್ತಾರೆ.