ಅಪ್‌ಡೇಟ್: ಮಕ್ಕಳು ತಾವಾಗಿಯೇ ಇಂಗ್ಲಿಷ್ ಓದಲು ಶುರುಮಾಡಿದ್ದಾರೆ

ನಮ್ಮ ಕನ್ನಡ ಮಾಧ್ಯಮದ ಎಂಟನೇ ಕ್ಲಾಸಿನವರು ನಾನು ಅರ್ಥ ಹೇಳುವವರೆಗೂ ಇಂಗ್ಲಿಷ್ ಪುಟ ಮುಟ್ಟುವುದಿಲ್ಲ, ಏನು ಮಾಡಲಿ ಎಂದು ಕೇಳಿದ್ದೆ. ಡೈರಿ ಬರೆಸಿ ಎಂದವರಿಗೆ ತುಂಬಾ ಥ್ಯಾಂಕ್ಸ್. ಡೆನ್ಮಾರ್ಕಿನ ಇಂಗ್ಲಿಷ್ ಟೀಚರ್ ಲೆನಿ ಡಾಮ್ ಮಾಡಿಸುತ್ತಿದ್ದುದೂ ಇದನ್ನೇ. ಇವತ್ತು ಏನು ಓದಿದೆ, ಹೇಗಾಯ್ತು, ಮುಂದೇನು, ಎಲ್ಲ ಮಕ್ಕಳೇ ಬರೆಯಬೇಕು.

ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ವೆಬ್‌ಸೈಟಿನಲ್ಲಿ ಸುಲಭದಿಂದ ಕಷ್ಟದವರೆಗೆ ಹಂತ ಹಂತವಾಗಿರುವ ಇಂಗ್ಲಿಷ್ ಕಥೆಗಳನ್ನು ಪ್ರಿಂಟ್ ತೆಗೆದು ಇಟ್ಟೆ. ಯಾವ ಹಂತದ್ದು ಬೇಕೋ ಅವರೇ ಆರಿಸುತ್ತಾರೆ. ಡೈರಿ ಕನ್ನಡದಲ್ಲೇ ಬರೆಯಿರಿ ಎಂದಿದ್ದು ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬಂತು. ಒಬ್ಬ ಹುಡುಗಿ ಬರೆದಿದ್ದಳು: "ಮೂರನೇ ಹಂತ ಕಷ್ಟ. ಚಿತ್ರ ನೋಡಿ ಊಹಿಸಿದೆ. ಆಮೇಲೆ ಡಿಕ್ಷನರಿ ನೋಡಿದೆ, ಸರಿಯಾಗಿತ್ತು." ಇದನ್ನು ನಾನು ಹೇಳಿಕೊಟ್ಟಿರಲಿಲ್ಲ! ಎಷ್ಟು ಖುಷಿಯಾಯ್ತು ಗೊತ್ತಾ.

ಡೈರಿಗೆ ಮಾರ್ಕ್ಸ್ ಇಲ್ಲ. ಇದ್ದರೆ ಸುಮ್ನೆ ನನಗಾಗಿ ಬರೆಯುತ್ತಾರೆ, ಅಲ್ವಾ? ಜೋರಾಗಿ ಓದಲು ಮಾತ್ರ ಇನ್ನೂ ನಾಚಿಕೆ. ಮುಂದಿನ ವಾರದಿಂದ ಇಬ್ಬಿಬ್ಬರನ್ನು ಜೋಡಿ ಮಾಡಿ ಓದಿಸುತ್ತೇನೆ.