ದೇವಿಮನೆ ಘಾಟಿಯಲ್ಲಿ ಗಾಡಿ ಎಳೆಯುತ್ತಿಲ್ಲ, ಡಂಪ್ ವಾಲ್ವ್ ಹಾಕಿಸಲಾ?

ಪ್ರಶ್ನೆ (ಕುಮಟಾದಿಂದ): ಅಣ್ಣಾ, ನನ್ನದು ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಟರ್ಬೊ ಹ್ಯಾಚ್‌ಬ್ಯಾಕ್. ಶಿರಸಿಗೆ ಬರುವಾಗ ದೇವಿಮನೆ ಘಾಟಿಯಲ್ಲಿ ಮೊದಲಿನ ಎಳೆತ ಇಲ್ಲ. ಹೊರಗಿನ ಡಂಪ್ ವಾಲ್ವ್ ಹಾಕಿಸಿದರೆ ಪಿಕಪ್ ಬರ್ತದೆ, 'ಪುಸ್' ಅಂತ ಸೌಂಡೂ ಬರ್ತದೆ ಅಂತಾನೆ ಗೆಳೆಯ. ಹಾಕಿಸಲಾ?

ಉತ್ತರ (ಮೆಕ್ಯಾನಿಕ್, ಶಿರಸಿ): ತಮ್ಮಾ, ಸೌಂಡ್ ಬರುತ್ತದೆ. ಪಿಕಪ್ ಬರುವುದಿಲ್ಲ. ಆಕ್ಸಿಲರೇಟರ್ ಒತ್ತಿ ಘಾಟಿ ಹತ್ತುವಾಗ ಆ ವಾಲ್ವ್ ಮುಚ್ಚಿಕೊಂಡೇ ಇರಬೇಕು. ಗೇರ್ ಬದಲಿಸಲು ಕಾಲು ತೆಗೆದಾಗ ಥ್ರಾಟಲ್ (ಇಂಜಿನ್ನಿಗೆ ಗಾಳಿ ಬಿಡುವ ಬಾಗಿಲು) ಮುಚ್ಚುತ್ತದೆ, ಆದರೆ ಇಂಜಿನ್ನಿಗೆ ಗಾಳಿ ಒತ್ತುವ ಟರ್ಬೊ ಇನ್ನೂ ಗಾಳಿ ತಳ್ಳುತ್ತಲೇ ಇರುತ್ತದೆ. ಆ ಗಾಳಿ ತಿರುಗಿ ಟರ್ಬೊದ ಕಂಪ್ರೆಸರ್ ಚಕ್ರಕ್ಕೆ ಹೊಡೆಯದಂತೆ ದಾರಿ ಬಿಡೋದು ವಾಲ್ವ್ ಕೆಲಸ, ಅಷ್ಟೇ. ಕಂಪನಿಯ ವಾಲ್ವ್ ಸಾಮಾನ್ಯವಾಗಿ ಆ ಗಾಳಿಯನ್ನು ಟರ್ಬೊಗೆ ಗಾಳಿ ಬರುವ ಪೈಪಿಗೇ ವಾಪಸ್ ಕೊಡುತ್ತದೆ. ಹಾಗಾಗಿ ಸದ್ದು ಕಮ್ಮಿ.

ಮೊದಲು ಎಳೆತ ಎಲ್ಲಿ ಹೋಯಿತು ಹುಡುಕು. ಈಗಿರುವ ವಾಲ್ವಿನ ಡಯಾಫ್ರಮ್ (ಒಳಗಿನ ತೆಳು ಪೊರೆ) ಹರಿದಿದ್ದರೆ ಬೂಸ್ಟ್ (ಟರ್ಬೊ ಒತ್ತಿದ ಗಾಳಿ) ಸೋರುತ್ತದೆ. ಆ ಗಾಳಿಯನ್ನು ತಣ್ಣಗೆ ಮಾಡುವ ಇಂಟರ್‌ಕೂಲರ್ ಪೈಪಿನ ಕ್ಲಿಪ್ ಸಡಿಲವಾದರೂ ಅದೇ ಕಥೆ. ನಮ್ಮ ಕರಾವಳಿ ಗಾಡಿಗಳಲ್ಲಿ ಉಪ್ಪುಗಾಳಿಗೆ ಕ್ಲಿಪ್ ತುಕ್ಕು ಹಿಡಿಯೋದು ಜಾಸ್ತಿ. ನೋಡಲು ಗಟ್ಟಿ ಕಾಣುತ್ತದೆ, ಪೈಪ್ ಹಿಡಿದು ತಿರುಗಿಸಿದರೆ ಸುತ್ತಿಬಿಡುತ್ತದೆ. ಜೋಡಣೆ ಹತ್ತಿರ ಎಣ್ಣೆ ಜಿಡ್ಡಿಗೆ ಕೆಂಪು ಧೂಳು ಅಂಟಿದೆಯಾ? ಅಲ್ಲಿ ಅನುಮಾನ ಪಡು. ಇಂಜಿನ್ ಬಂದ್ ಇಟ್ಟು, ಟರ್ಬೊ ಬಾಯಿ ಮುಚ್ಚಿ, ಕಡಿಮೆ ಒತ್ತಡದಲ್ಲಿ ಗಾಳಿ ಬಿಟ್ಟು ಸೋಪಿನ ನೀರು ಹಚ್ಚಿದರೆ ಸೋರುವ ಕಡೆ ಗುಳ್ಳೆ ಏಳುತ್ತದೆ. ಇದನ್ನು ಗೊತ್ತಿದ್ದವರ ಹತ್ತಿರವೇ ಮಾಡಿಸು, ಒತ್ತಡ ಜಾಸ್ತಿಯಾದರೆ ಸೀಲ್ ಹಾಳಾಗುತ್ತದೆ.

ಪ್ರಶ್ನೆ: ಸರಿ ಅಣ್ಣಾ. ಆಮೇಲೆ ಸುಮ್ನೆ ಸೌಂಡಿಗೆ ಅಂತ ಹಾಕಿದರೆ?

ಉತ್ತರ: ಏರ್ ಫಿಲ್ಟರ್ ದಾಟಿದ ಮೇಲೆ ಪೈಪಿನಲ್ಲಿ ಗಾಳಿ ಎಷ್ಟು ಬಂತು ಅಂತ ಅಳೆಯುವ ಮ್ಯಾಫ್ ಸೆನ್ಸರ್ ಇದೆಯಾ ನೋಡು. ಇದ್ದರೆ ಬೇಡ. ಒಳಗೆ ಬಂದ ಗಾಳಿಯನ್ನು ಅದು ಲೆಕ್ಕ ಹಾಕಿರುತ್ತದೆ, ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಅಷ್ಟಕ್ಕೆ ಪೆಟ್ರೋಲ್ ಬಿಡುತ್ತದೆ. ನೀನು ಆ ಗಾಳಿಯನ್ನು ಹೊರಗೆ ಬಿಟ್ಟರೆ ಪೆಟ್ರೋಲ್ ಹೆಚ್ಚಾಗುತ್ತದೆ. ಗೇರ್ ಬದಲಿಸಿದ ಕೂಡಲೇ ಗಾಡಿ ತಡವರಿಸುತ್ತದೆ, ಕಪ್ಪು ಹೊಗೆ ಬರಬಹುದು, ದಿನ ಕಳೆದಂತೆ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೂ ಪೆಟ್ಟು. ಮ್ಯಾಫ್ ಇಲ್ಲದೆ, ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಮೇಲೆ ನಡೆಯುವ ಗಾಡಿಗೆ ಈ ತೊಂದರೆ ಕಡಿಮೆ.

ಇನ್ನು ವ್ಯಾಕ್ಯೂಮ್ (ಇಂಜಿನ್ ಗಾಳಿ ಎಳೆಯುವ ಸೆಳೆತ) ಪೈಪಿನಿಂದ ನಡೆಯುವ ವಾಲ್ವಾದರೆ ಸ್ಪ್ರಿಂಗ್ ನೋಡಿಕೊಳ್ಳಬೇಕು. ತೀರಾ ಮೆತ್ತಗಿದ್ದರೆ, ಗಾಡಿ ನಿಂತು ಇಂಜಿನ್ ಮಾತ್ರ ಓಡುವ ಐಡಲ್‌ನಲ್ಲೇ ತೆರೆದುಕೊಂಡು ಫಿಲ್ಟರ್ ಆಗದ ಗಾಳಿ ಎಳೆದುಕೊಳ್ಳಬಹುದು. ಬೇಸಿಗೆಯಲ್ಲಿ ನಮ್ಮ ಮಣ್ಣು ರಸ್ತೆಗಳ ಧೂಳು ಹೇಗಿರುತ್ತದೆ ನಿನಗೇ ಗೊತ್ತು ಅಲ್ವಾ? ಗಟ್ಟಿಯಾದರೆ ವಾಲ್ವ್ ಸರಿಯಾಗಿ ತೆರೆಯೋದೇ ಇಲ್ಲ. ಈಗಿನ ಹಲವು ಗಾಡಿಗಳಲ್ಲಿ ವಾಲ್ವನ್ನು ಇಸಿಯು ಕರೆಂಟಿನಿಂದ ನಡೆಸುತ್ತದೆ, ಅದಕ್ಕೆ ಬೇರೆ ಕಿಟ್ಟೇ ಬೇಕು. ವಾರಂಟಿ ಉಳಿದಿದ್ದರೆ ಕೈ ಹಾಕಲೇಬೇಡ.

ಸೋರಿಕೆ ರಿಪೇರಿ, ಹೊಸ ವಾಲ್ವ್ ಎರಡನ್ನೂ ಒಂದೇ ದಿನ ಮಾಡಿಸಬೇಡ, ಯಾವುದರಿಂದ ಏನಾಯಿತು ಗೊತ್ತಾಗೋದಿಲ್ಲ. ರಿಪೇರಿ ಆದಮೇಲೆ ಒಮ್ಮೆ ಘಾಟಿ ಹತ್ತಿ ನೋಡು.

ಪ್ರಶ್ನೆ (ಕಾರವಾರದಿಂದ ಇನ್ನೊಬ್ಬರು): ಸರ್, ನಂದು ಡೀಸೆಲ್ ಟರ್ಬೊ. ಹಾಕಬಹುದಾ?

ಉತ್ತರ: ಬೇಡ ಮಾರಾಯ್ರೇ. ಡೀಸೆಲ್‌ನಲ್ಲಿ ಕಾಲು ತೆಗೆದಾಗ ಪೆಟ್ರೋಲ್ ಗಾಡಿ ಥರ ಥ್ರಾಟಲ್ ಮುಚ್ಚಿ ಗಾಳಿ ತಡೆಯೋದಿಲ್ಲ, ಬಿಡಬೇಕಾದ ಒತ್ತಡವೇ ಇರೋದಿಲ್ಲ. ಮಾರುವ ಕಿಟ್‌ಗಳು ಪೆಡಲ್ ಹತ್ತಿರ ಸ್ವಿಚ್ ಕೂರಿಸಿ, ಕರೆಂಟಿನಿಂದ ತೆರೆಯುವ ಸೊಲೆನಾಯ್ಡ್‌ನಿಂದ ಬಲವಂತವಾಗಿ ಬೂಸ್ಟ್ ಹೊರಗೆ ಬಿಡುತ್ತವೆ. ಆ ದುಡ್ಡಲ್ಲಿ ಏರ್ ಫಿಲ್ಟರ್ ಬದಲಿಸಿ, ಟರ್ಬೊ ಪೈಪುಗಳನ್ನು ಒಮ್ಮೆ ಚೆಕ್ ಮಾಡಿಸಿ.